ಪಾಯಿಂಟ್ 22 ಕೋವಿಗೆ ಯಾವ ತೋಟಾ ಹೊಂದುತ್ತದೆ?

ಪ್ರಶ್ನೆ: ನಾಪೋಕ್ಲು ಕಡೆಯ ಸದಸ್ಯರು

ಎಲ್ಲರಿಗೂ ನಮಸ್ಕಾರ. ತಂದೆಯವರ ಪಾಯಿಂಟ್ 22 (ಸುಮಾರು 0.22 ಇಂಚು ಅಳತೆಯ ನಳಿಗೆ) ಬೋಲ್ಟ್ ರೈಫಲ್, ಅಂದರೆ ಹಿಂಬದಿಯ ಅಗುಳಿಯನ್ನು ಕೈಯಿಂದ ಎಳೆದು ತೋಟಾ ಹಾಕುವ ಕೋವಿ, ಈಗ ನನ್ನ ಹೆಸರಿಗೆ ಬಂದಿದ್ದು, ಕಾಗದಪತ್ರಗಳೆಲ್ಲ ಕ್ರಮವಾಗಿವೆ. ಕೊಡವರ ಕೈಲ್‌ಪೊಳ್ದ್ ಹಬ್ಬದ ಸಮಯದಲ್ಲಿ ನಡೆಯುವ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆಯಲ್ಲಿ ಭಾಗವಹಿಸಬೇಕೆಂದಿದ್ದೇನೆ. ಕೋವಿಯ ಜೊತೆಗಿದ್ದ ತಗಡಿನ ಡಬ್ಬಿಯಲ್ಲಿ ಬಿಡಿ ತೋಟಾಗಳಿವೆ. ಕೆಲವು ಗಿಡ್ಡ, ಹೆಚ್ಚಿನವು ಸಾಮಾನ್ಯ ಉದ್ದದವು, ನಾಲ್ಕಾರು ಮಾತ್ರ ಉದ್ದವಾಗಿದ್ದು ಗುಂಡಿಗೆ ತಾಮ್ರದ ಹೊದಿಕೆಯಿದೆ. ಎಲ್ಲವೂ ಪಾಯಿಂಟ್ 22 ಎಂದೇ ಮನೆಯವರು ಹೇಳುತ್ತಾರೆ. ಚೇಂಬರಿನಲ್ಲಿ (ನಳಿಗೆಯ ಹಿಂತುದಿಯಲ್ಲಿ ತೋಟಾ ಕೂರುವ ಜಾಗ) ಕೂತ ಯಾವ ತೋಟಾವನ್ನೂ ಹೊಡೆಯಬಹುದು ಎಂದು ಪರಿಚಯದವರೊಬ್ಬರು ಹೇಳಿದರು. ಅದನ್ನು ನಂಬಬಹುದೇ?

ಉತ್ತರ: ವಿರಾಜಪೇಟೆಯ ಸದಸ್ಯರು

ದಯವಿಟ್ಟು ನಂಬಬೇಡಿ. ನಳಿಗೆಯ ಮೇಲೆ ಕೆತ್ತಿರುವ ಅಕ್ಷರಗಳನ್ನು ಮೊದಲು ಓದಿ, ಅಲ್ಲಿ ಬರೆದಿರುವ ತೋಟಾವನ್ನೇ ಬಳಸಬೇಕು. ‘22 ಎಲ್‌ಆರ್’ ಎಂದಿದ್ದರೆ ಅದು ಲಾಂಗ್ ರೈಫಲ್ ತೋಟಾಕ್ಕೆ ಮಾಡಿದ ಕೋವಿ. ಯುರೋಪಿನ ಕೆಲವು ಹಳೆಯ ರೈಫಲ್‌ಗಳಲ್ಲಿ ಇದನ್ನೇ 5.6 ಎಂಎಂ ಎಂದು ನಮೂದಿಸಿರುತ್ತಾರೆ.

ಈ ಜಾತಿಯ ತೋಟಾಗಳಲ್ಲಿ ಬುಡದ ನಡುವೆ ಮದ್ದನ್ನು ಹೊತ್ತಿಸುವ ಪ್ರತ್ಯೇಕ ಕೇಪು ಇರುವುದಿಲ್ಲ. ಹೊತ್ತಿಕೊಳ್ಳುವ ಮದ್ದು ಬುಡದ ಅಂಚಿನ ಮಡಿಕೆಯೊಳಗೇ ಇದ್ದು, ಕೋವಿಯ ಪಿನ್ನು ಆ ಅಂಚನ್ನು ಜಜ್ಜಿದಾಗ ಹೊತ್ತುತ್ತದೆ. ಅಂಚು ಜಜ್ಜಿಹೋಗಬೇಕಾದರೆ ತೋಟಾದ ಹೊರಕೋಶದ ಹಿತ್ತಾಳೆ ತೆಳುವಾಗಿರಲೇಬೇಕು. ತೆಳುವಾದ ಹಿತ್ತಾಳೆಗೆ ಸುತ್ತಲೂ ಚೇಂಬರಿನ ಗೋಡೆಯ ಆಸರೆ ಬೇಕೇ ಬೇಕು. ಅಳತೆಯಲ್ಲಿ ಆಗುವ ಸಣ್ಣ ವ್ಯತ್ಯಾಸವೂ ಇಲ್ಲಿ ಅಪಾಯಕ್ಕೆ ದಾರಿಯಾಗುವುದು ಇದೇ ಕಾರಣಕ್ಕೆ.

ನಿಮ್ಮ ಡಬ್ಬಿಯ ಉದ್ದನೆಯ ತೋಟಾಗಳು 1959ರಲ್ಲಿ ವಿಂಚೆಸ್ಟರ್ ಕಂಪನಿ ಹೊರತಂದ 22 ಮ್ಯಾಗ್ನಮ್ ಇರಬಹುದು. ಅಳೆದು ನೋಡಿ: ಮ್ಯಾಗ್ನಮ್‌ನ ಹಿತ್ತಾಳೆ ಕೋಶವೊಂದೇ ಸುಮಾರು 26.8 ಮಿಲಿಮೀಟರ್ ಉದ್ದವಿದೆ, ಲಾಂಗ್ ರೈಫಲ್ ತೋಟಾವಾದರೋ ಗುಂಡೂ ಸೇರಿ 25.4 ಮಿಲಿಮೀಟರ್ ಮಾತ್ರ. ದಪ್ಪದಲ್ಲಿಯೂ ಮ್ಯಾಗ್ನಮ್ ಕೋಶ ಸುಮಾರು 6.1, ಲಾಂಗ್ ರೈಫಲ್‌ನದು 5.7 ಮಿಲಿಮೀಟರ್. ಉಗುರಿನಿಂದ ಕೋಶದ ಬಾಯಿಯ ಮೇಲೆ ಗೀರಿದರೂ ಗೊತ್ತಾಗುತ್ತದೆ: ಲಾಂಗ್ ರೈಫಲ್‌ನಲ್ಲಿ ಗುಂಡಿನ ಹಿಂಬದಿಯಷ್ಟೇ ಸಣ್ಣದಾಗಿ ಕೋಶದೊಳಗೆ ಹೋಗಿ ಹೊರಭಾಗ ಹೆಚ್ಚುಕಡಿಮೆ ಸಮವಾಗಿರುತ್ತದೆ, ಮ್ಯಾಗ್ನಮ್‌ನಲ್ಲಿ ಗುಂಡು ಪೂರ್ತಿ ಒಳಗೆ ಕೂರುವುದರಿಂದ ಉಗುರಿಗೆ ಮೆಟ್ಟಿಲು ಸಿಗುತ್ತದೆ. ಬುಡದಲ್ಲಿ ಸಾಮಾನ್ಯವಾಗಿ ತಯಾರಕರ ಗುರುತಷ್ಟೇ ಇರುವ ಕಾರಣ ಅದನ್ನು ನೆಚ್ಚಿಕೊಂಡು ಪ್ರಯೋಜನವಿಲ್ಲ.

ಮ್ಯಾಗ್ನಮ್ ತೋಟಾ ಲಾಂಗ್ ರೈಫಲ್ ಚೇಂಬರಿಗೆ ಹೋಗುವುದಿಲ್ಲ, ಬಲವಂತವಾಗಿ ತುರುಕಲೂಬಾರದು. ನಿಜವಾದ ಮೋಸ ತಿರುಗುಮುರುಗಾದಾಗ ಆಗುತ್ತದೆ. ಮ್ಯಾಗ್ನಮ್ ಕೋವಿಯೊಳಗೆ ಲಾಂಗ್ ರೈಫಲ್ ತೋಟಾ ಸಲೀಸಾಗಿ ಜಾರಿ ಕೂರುತ್ತದೆ, ಆದರೆ ಸುತ್ತಲೂ ಸಡಿಲವಿರುವುದರಿಂದ ಕೋಶ ಸೀಳಿ ಬಿಸಿ ಅನಿಲ ಹೊಡೆಯುವವನ ಮುಖದ ಕಡೆಗೆ ಚಿಮ್ಮಬಹುದು. ‘ಕೂತರೆ ಸಾಕು’ ಎಂಬ ಮಾತನ್ನು ನಾನು ಒಪ್ಪದಿರುವುದು ಇದಕ್ಕಾಗಿಯೇ.

ಉತ್ತರ: ಮಡಿಕೇರಿಯ ಸದಸ್ಯರು

ಮೇಲಿನವರು ಹೇಳಿದ್ದು ಸರಿ. ಗಿಡ್ಡ ತೋಟಾಗಳ ಬಗ್ಗೆ ಒಂದು ಮಾತು ಸೇರಿಸುತ್ತೇನೆ. ಅವು 22 ಶಾರ್ಟ್ ಆಗಿದ್ದಲ್ಲಿ, 1857ರಷ್ಟು ಹಿಂದಿನ ವಿನ್ಯಾಸ ಅದು. ಲಾಂಗ್ ರೈಫಲ್ ಬಂದದ್ದು 1887ರಲ್ಲಿ. ಎರಡರ ದಪ್ಪ ಒಂದೇ ಆದ್ದರಿಂದ ಸುಸ್ಥಿತಿಯಲ್ಲಿರುವ ಲಾಂಗ್ ರೈಫಲ್ ಕೋವಿಯಲ್ಲಿ ಶಾರ್ಟ್ ಹೊಡೆಯಬಹುದು. ಆದರೆ ಶಾರ್ಟ್ ಮಾತ್ರ ಎಂದು ಕೆತ್ತಿರುವ ಕೋವಿಗೆ ಲಾಂಗ್ ರೈಫಲ್ ಹಾಕುವಂತಿಲ್ಲ. ಶಾರ್ಟನ್ನೇ ಹೆಚ್ಚಾಗಿ ಹೊಡೆಯುತ್ತಿದ್ದರೆ ಅದರ ಬಾಯಿ ಬರುವ ಜಾಗದಲ್ಲಿ ಚೇಂಬರಿನೊಳಗೆ ಮಸಿ ಮತ್ತು ಸೀಸದ ಉಂಗುರ ಕಟ್ಟಿಕೊಂಡು, ಆಮೇಲೆ ಹಾಕುವ ಲಾಂಗ್ ರೈಫಲ್ ತೋಟಾ ಬಿಗಿಯಾಗುತ್ತದೆ. ಆಗ ಬೋಲ್ಟನ್ನು ಒತ್ತದೆ, ಚೇಂಬರನ್ನು ಬ್ರಷ್‌ನಿಂದ ಚೊಕ್ಕಟಗೊಳಿಸಬೇಕು. ಸ್ವಯಂಚಾಲಿತವಾಗಿ ತೋಟಾ ಏರಿಸಿಕೊಳ್ಳುವ ರೈಫಲ್‌ಗೆ ಶಾರ್ಟ್‌ನ ಶಕ್ತಿ ಸಾಮಾನ್ಯವಾಗಿ ಸಾಲದು.

ಸ್ಪರ್ಧೆಗೆ ಹೊಸ ಪೊಟ್ಟಣದ ಲಾಂಗ್ ರೈಫಲ್ ತೆಗೆದುಕೊಳ್ಳಿ. ಒಂದೇ ತಯಾರಕರ, ಒಂದೇ ಬಗೆಯ ತೋಟಾವಾದರೆ ಗುಂಡು ಬೀಳುವ ಜಾಗವೂ ಸ್ಥಿರವಾಗಿರುತ್ತದೆ. ನಮ್ಮ ಮಳೆಗಾಲದ ತೇವ ಎಷ್ಟು ವರ್ಷ ಆ ಡಬ್ಬಿಯನ್ನು ಹೊಕ್ಕಿದೆಯೋ ಹೇಳಲಾಗದು, ಹಸಿರು ಕಿಲುಬು ಹಿಡಿದ ತೋಟಾವನ್ನಂತೂ ಮುಟ್ಟಲೇಬೇಡಿ. ಬೇಡವಾದವನ್ನು ಬೆಂಕಿಗೋ ಹೊಳೆಗೋ ಎಸೆಯದೆ, ಪರವಾನಗಿಯುಳ್ಳ ಕೋವಿ ವ್ಯಾಪಾರಿಯನ್ನೋ ಪೊಲೀಸ್ ಠಾಣೆಯನ್ನೋ ವಿಚಾರಿಸಿ ಒಪ್ಪಿಸುವುದು ಒಳ್ಳೆಯದು.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಧನ್ಯವಾದಗಳು. ನಳಿಗೆಯ ಮೇಲೆ 22 ಎಲ್‌ಆರ್ ಎಂದು ಸ್ಪಷ್ಟವಾಗಿದೆ. ಉದ್ದನೆಯವನ್ನು ಅಳೆದಾಗ ಮ್ಯಾಗ್ನಮ್ ಎಂದೇ ಖಚಿತವಾಯಿತು. ಹೊಸ ತೋಟಾವೂ ಕೆಲವೊಮ್ಮೆ ಹೊತ್ತದೆ ಹೋಗುತ್ತದಲ್ಲ, ಆಗ ಏನು ಮಾಡಬೇಕು?

ಉತ್ತರ: ವಿರಾಜಪೇಟೆಯ ಸದಸ್ಯರು

ಅಂಚಿನೊಳಗೆ ಮದ್ದು ಸಮನಾಗಿ ಹರಡಿಲ್ಲದಿದ್ದರೆ ಹಾಗಾಗುತ್ತದೆ. ಕೋವಿಯ ಬಾಯನ್ನು ಗುರಿಯ ಕಡೆಗೇ ಇಟ್ಟು, ಕನಿಷ್ಠ 30 ಸೆಕೆಂಡು ಕಾದು, ಮುಖವನ್ನು ಬೋಲ್ಟಿನಿಂದ ದೂರವಿರಿಸಿ ತೋಟಾ ಹೊರತೆಗೆಯಿರಿ. ಸದ್ದು ಎಂದಿಗಿಂತ ಕ್ಷೀಣವಾಗಿ ಕೇಳಿಸಿದರೆ ಗುಂಡು ನಳಿಗೆಯಲ್ಲೇ ಸಿಕ್ಕಿಕೊಂಡಿರುವ ಸಾಧ್ಯತೆಯಿದೆ. ಕೋವಿ ಖಾಲಿ ಮಾಡಿ, ಬೋಲ್ಟ್ ಕಳಚಿ, ನಳಿಗೆಯ ಆಚೆಯ ಬೆಳಕು ಕಾಣುವವರೆಗೆ ಇನ್ನೊಂದು ತೋಟಾ ಹಾಕಬೇಡಿ.