ಐದು ಸೆಕೆಂಡಿನ ಆಫರ್

ದಾವಣಗೆರೆಯ ರಾಮ್ ಅಂಡ್ ಕೋ ಸರ್ಕಲ್ ಹತ್ತಿರ ಸಂಜೆ ಮಂಡಕ್ಕಿ, ಮಿರ್ಚಿ ಮುಂದಿಟ್ಟುಕೊಂಡು ಕೂತರೆ ಮಾತಿಗೆ ಬರವಿಲ್ಲ. ಮೊನ್ನೆ ಸಿಕ್ಕಿದ್ದು ಬಸಣ್ಣನ ಬಟ್ಟೆ ಅಂಗಡಿಯ ವೆಬ್‌ಪೇಜು. ಮಾಡಿಕೊಟ್ಟವನು ಅವನ ಅಕ್ಕನ ಮಗ ಮಂಜ. ಇಂಜಿನಿಯರಿಂಗ್ ಕೊನೇ ವರ್ಷ.

“ಅದರಲ್ಲಿ ದೆವ್ವ ಸೇರಿಕೊಂಡಿದೆ ನೋಡ್ರಿ ಮೇಷ್ಟ್ರೇ. ಇದ್ದಕ್ಕಿದ್ದ ಹಾಗೆ ‘ಶ್ರಾವಣದ ಆಫರ್’ ಅಂತ ಒಂದು ಡಬ್ಬ ಬರುತ್ತೆ. ಕನ್ನಡಕ ಹುಡುಕಿ ಹಾಕಿಕೊಳ್ಳುವಷ್ಟರಲ್ಲಿ ಮಾಯ. ಎಷ್ಟು ಪರ್ಸೆಂಟ್ ಬಿಟ್ಟಿದ್ದೀವಿ ಅಂತ ಓನರ್ ನನಗೇ ಗೊತ್ತಿಲ್ಲ!”

“ದೆವ್ವ ಅಲ್ಲ ಮಾವ, ಸೆಟ್‌ಟೈಮ್‌ಔಟ್,” ಅಂದ ಮಂಜ. “ಇಷ್ಟು ಹೊತ್ತು ಬಿಟ್ಟು ಈ ಕೆಲಸ ಮಾಡು ಅನ್ನೋ ಆಜ್ಞೆ ಅದು. ಪೇಜು ತೆರೆದ ಮೂರು ಸೆಕೆಂಡಿಗೆ ತೋರಿಸು, ಆಮೇಲೆ ಐದು ಸೆಕೆಂಡಿಗೆ ಮರೆಮಾಡು ಅಂತ ಬರೆದಿದ್ದೀನಿ. ಪೇಜು ಏನು ಮಾಡಬೇಕು ಅಂತ ಬರೆಯೋ ಭಾಷೆ ಜಾವಾಸ್ಕ್ರಿಪ್ಟ್, ಅದರ ಲೆಕ್ಕ ಮಿಲಿಸೆಕೆಂಡಿನದು. 3000, 5000.”

ಕಂಪ್ಯೂಟರ್ ಮೇಷ್ಟ್ರು ಮಿರ್ಚಿ ಮುರಿಯುತ್ತಾ, “ಮೊದಲು ಡಬ್ಬ ಬರ್ತಾನೇ ಇರಲಿಲ್ಲವಲ್ಲ, ಅದನ್ನೂ ಹೇಳಪ್ಪಾ,” ಅಂದರು. ಮಂಜ ತಲೆ ಕೆರೆದುಕೊಂಡ. ಫಂಕ್ಷನ್ನಿನ, ಅಂದರೆ ತೋರಿಸುವ, ಮರೆಮಾಡುವ ಕೆಲಸ ಬರೆದಿಟ್ಟ ತುಣುಕಿನ ಹೆಸರು ಕೊಡುವಾಗ ಮುಂದೆ ಒಂದು ಜೊತೆ ಬ್ರಾಕೆಟ್ ಹಾಕಿಬಿಟ್ಟಿದ್ದನಂತೆ. ಹೆಸರಷ್ಟೇ ಕೊಟ್ಟರೆ ‘ಆಮೇಲೆ ಕರಿ’ ಅಂತ. ಬ್ರಾಕೆಟ್ ಸೇರಿದರೆ ‘ಈಗಲೇ ಓಡು’ ಅಂತ. ತೋರಿಸಿದ ಬೆನ್ನಿಗೇ ಮರೆಮಾಡಿ, ಸ್ಕ್ರೀನಿನ ಮೇಲೆ ಏನೂ ಮೂಡುವ ಮೊದಲೇ ಕಥೆ ಮುಗಿದಿತ್ತು. ಈ ತಪ್ಪು ಮಾಡದ ಹುಡುಗ ಇನ್ನೂ ಹುಟ್ಟಿಲ್ಲ ಅನ್ನುತ್ತಾರೆ ಮೇಷ್ಟ್ರು.

“ಅವರನ್ನೇನು ಬೈಯೋದು ಬಸಣ್ಣ, ಈ ಜಾವಾಸ್ಕ್ರಿಪ್ಟ್ ಭಾಷೆ ಹುಟ್ಟಿದ್ದೇ ಗಡಿಬಿಡಿಯಲ್ಲಿ. 1995ರಲ್ಲಿ ಬ್ರೆಂಡನ್ ಐಕ್ ಅನ್ನೋರು ನೆಟ್‌ಸ್ಕೇಪ್ ಅನ್ನೋ ಬ್ರೌಸರ್ ಕಂಪನಿಗೆ ಹತ್ತೇ ದಿನದಲ್ಲಿ ಇದರ ಮೊದಲ ರೂಪ ಮಾಡಿಕೊಟ್ಟರು.”

“ಹತ್ತು ದಿನ! ಇವನು ನನ್ನ ಒಂದು ಪೇಜಿಗೆ ಎರಡು ತಿಂಗಳು ತಗೊಂಡ.”

ಬಸಣ್ಣನ ದೂರು ಅಲ್ಲಿಗೆ ಮುಗಿಯಲಿಲ್ಲ. ಡಬ್ಬ ಹೋದ ಕೂಡಲೇ ಕೆಳಗಿನ ಫೋಟೋಗಳೆಲ್ಲ ಮೇಲಕ್ಕೆ ಜಿಗಿಯುತ್ತವೆ. ಇಳಕಲ್ ಸೀರೆ ಒತ್ತಲು ಹೋದರೆ ಪಂಚೆ ತೆರೆಯುತ್ತದೆ!

ಮೇಷ್ಟ್ರಿಗೆ ಹುರುಪು ಬಂತು. “ಮರೆಮಾಡೋಕೆ ದಾರಿ ಬೇರೆ ಬೇರೆ. ಹರಿಹರದ ಬಸ್ಸಲ್ಲಿ ಒಬ್ಬ ಎದ್ದು ಹೋದ ಅಂತ ಇಟ್ಕೊ. ಪಕ್ಕದವನು ಸರಿದು ಕೂರ್ತಾನೆ. ಅದು ಡಿಸ್‌ಪ್ಲೇ ನನ್, ಇವನು ಹಾಕಿರೋದು. ಕರ್ಚೀಪು ಹಾಕಿ ಇಳಿದರೆ? ಆಸಾಮಿ ಇಲ್ಲ, ಜಾಗ ಮಾತ್ರ ಅವನದೇ. ಅದು ವಿಸಿಬಿಲಿಟಿ ಹಿಡನ್.”

“ನಾನು ಒಪಾಸಿಟಿ, ಅಂದರೆ ಗಾಢತೆ, ಸೊನ್ನೆ ಮಾಡಿಯೂ ನೋಡಿದ್ದೆ ಸಾರ್,” ಅಂದ ಮಂಜ. “ನಿಧಾನಕ್ಕೆ ಮಸುಕಾಗಿ ಹೋಗ್ತಿತ್ತು, ನೋಡೋಕೆ ಚೆನ್ನಾಗಿತ್ತು. ಆದರೆ ಕಾಣದಿದ್ದರೂ ಡಬ್ಬ ಅಲ್ಲೇ ಕೂತಿರುತ್ತೆ. ಕ್ಲಿಕ್ಕೆಲ್ಲ ಅದೇ ನುಂಗುತ್ತೆ. ಅಂಗಡಿ ಅಡ್ರೆಸ್ ಒತ್ತಿದವರೂ ಆಫರ್ ಪೇಜಿಗೇ ಹೋಗ್ತಿದ್ದರು.”

ಬಸಣ್ಣನ ಕೈಯಲ್ಲಿದ್ದ ಮಂಡಕ್ಕಿ ಅಲ್ಲೇ ನಿಂತಿತು. “ಲೇ, ಅದು ಚೆನ್ನಾಗಿತ್ತಲ್ಲೋ! ಯಾಕೆ ತೆಗೆದೆ?”

ವ್ಯಾಪಾರಿಯ ತಲೆ ಒಮ್ಮೆ ಓಡತೊಡಗಿದರೆ ಹಿಡಿಯುವವರಿಲ್ಲ. “ಗಣೇಶನ ಹಬ್ಬಕ್ಕೆ ಇನ್ನು ಮೂವತ್ತು ದಿನ ಇದೆ. ಆ ಆಫರೂ ಈಗಲೇ ಬರೆದಿಡು. ಮೂವತ್ತು ದಿನ ಬಿಟ್ಟು ತಾನೇ ಬರಲಿ.”

“ಈಗಲೇ ಬಂದುಬಿಡುತ್ತೆ,” ಅಂದರು ಮೇಷ್ಟ್ರು. ಆ ಟೈಮರ್ ಹಿಡಿಯುವ ದೊಡ್ಡ ಸಂಖ್ಯೆ 2,14,74,83,647 ಮಿಲಿಸೆಕೆಂಡು. ಅಂದರೆ 25 ದಿನಕ್ಕೂ ಸ್ವಲ್ಪ ಕಮ್ಮಿ. ಮೂವತ್ತು ದಿನ ಕೊಟ್ಟರೆ ಸಂಖ್ಯೆ ಮಗುಚಿಕೊಂಡು ಸೊನ್ನೆಗಿಂತ ಕೆಳಗೆ ಹೋಗುತ್ತದೆ. ಬ್ರೌಸರ್ ಕಾಯುವುದೇ ಇಲ್ಲ. ಅದೂ ಅಲ್ಲದೆ ಪೇಜು ಮುಚ್ಚಿದರೆ ಟೈಮರ್ರೂ ಸತ್ತಂತೆಯೇ.

“ನಮ್ಮ ಅಂಗಡಿ ಕಂಪ್ಯೂಟರ್ ನಾವು ಆಫ್ ಮಾಡೋದೇ ಇಲ್ಲ.”

“ಗಿರಾಕಿಗಳೂ ಒಂದು ತಿಂಗಳು ಮೊಬೈಲ್ ಹಿಡಿದು ಕಾಯ್ತಾರಾ? ಪೇಜು ತೆರೆದಾಗ ತಾರೀಖು ನೋಡಿಕೊಂಡು ತೋರಿಸಿದರೆ ಆಯ್ತು.”

ನಾನು ಅಷ್ಟು ಹೊತ್ತು ಸುಮ್ನೆ ಕೇಳುತ್ತಿದ್ದೆ. ಓದಲಿ ಅಂತ ಹಾಕಿದ್ದನ್ನು ಗಡಿಯಾರ ನೋಡಿ ಕಿತ್ತುಕೊಳ್ಳುವುದು ಯಾವ ನ್ಯಾಯ? ಓದಿದವನೇ ಮುಚ್ಚಲಿ, ಅಲ್ವಾ? ‘ಉಳಿಸಲಾಗಿದೆ’ ಅನ್ನುವಂಥ ಪುಟ್ಟ ಸೂಚನೆ ತಾನಾಗಿ ಹೋಗಲಿ, ಬೇಡ ಅನ್ನುವುದಿಲ್ಲ. ಮೇಷ್ಟ್ರು ತಲೆಯಾಡಿಸಿದರು. ವೆಬ್ ಎಲ್ಲರಿಗೂ ದಕ್ಕಬೇಕು ಅಂತ ವೆಬ್ಬಿನ ಮಾನದಂಡ ರೂಪಿಸುವ ಡಬ್ಲ್ಯೂ3ಸಿ ಸಂಸ್ಥೆ ಮಾಡಿದ ನಿಯಮಗಳಲ್ಲೂ ಸಮಯದ ಮಿತಿ ಇದ್ದರೆ ಅದನ್ನು ತೆಗೆಯಲು ಅಥವಾ ಹೆಚ್ಚಿಸಿಕೊಳ್ಳಲು ಬಿಡಬೇಕು ಅಂತಿದೆಯಂತೆ. ಹೆಚ್ಚಿಸುವುದಾದರೆ ಕಡೇಪಕ್ಷ ಹತ್ತು ಪಟ್ಟು.

“ಅಂದರೆ 50 ಸೆಕೆಂಡು,” ಬಸಣ್ಣ ಲೆಕ್ಕ ಹಾಕಿದ. “ಕನ್ನಡಕ ಸಿಗುತ್ತೆ. ಒರೆಸೋಕೆ ಟೈಮ್ ಸಾಲದು.”

ಕೊನೆಗೆ ಮಂಜ ಫೋನಿನಲ್ಲೇ ಬರೆದುಕೊಂಡ: ಮರೆಮಾಡುವ ಟೈಮರ್ ಬೇಡ, ಡಬ್ಬದ ಮೂಲೆಯಲ್ಲಿ ಮುಚ್ಚಲು ಒಂದು ಇಂಟು ಗುರುತು. ಎಲ್ಲರೂ ಒಪ್ಪಿದೆವು. ಬಸಣ್ಣನೂ ಒಪ್ಪಿ ಕೈ ಒರೆಸಿಕೊಂಡು ಎದ್ದ. ಎದ್ದವನು ಮಂಜನ ಕಡೆ ಬಗ್ಗಿ, “ಆ ಇಂಟು ಗುರುತು ಮಾತ್ರ ಒಂದು ಐದು ಸೆಕೆಂಡ್ ಬಿಟ್ಟು ಬರಲಿ. ಅದಕ್ಕೂ ಸೆಟ್‌ಟೈಮ್‌ಔಟ್ ನಡೆಯುತ್ತೆ ಅಲ್ವೇನೋ?” ಅಂದ.