ಹಾಕ್ನಿಯ ‘ಸನ್’ ಥರದ ಬಿಸಿಲು: ಲಿಥೋದಲ್ಲಿ ಯಾವ ಬಣ್ಣ ಮೊದಲು?

ಕುಂಡದಗಿಡ:
ಬ್ರಿಟಿಷ್ ಚಿತ್ರಕಾರ ಡೇವಿಡ್ ಹಾಕ್ನಿ 1973ರಲ್ಲಿ ಲಾಸ್ ಏಂಜಲೀಸ್‌ನ ಜೆಮಿನಿ ಜಿ.ಇ.ಎಲ್. ಅಚ್ಚುಮನೆಯಲ್ಲಿ ಮಾಡಿದ ‘ವೆದರ್ ಸೀರೀಸ್’ನಲ್ಲಿ ‘ಸನ್’ ಅಂತ ಒಂದು ಪ್ರಿಂಟ್ ಇದೆ. ಕಿಟಕಿ ಹತ್ತಿರ ಕುಂಡದ ಗಿಡ, ಓರೆಯಾಗಿ ಬೀಳೋ ಬಿಸಿಲ ಪಟ್ಟೆಗಳು. ಅದೇ ಜಾಡಿನ ಒಂದು ಚಿತ್ರವನ್ನು ಲಿಥೋದಲ್ಲಿ (ಜಿಡ್ಡು, ನೀರು ಬೆರೆಯದ ಗುಣ ಬಳಸಿ ಅಚ್ಚು ಮಾಡುವ ವಿಧಾನ), ಅಲ್ಯೂಮಿನಿಯಂ ಪ್ಲೇಟಿನಲ್ಲಿ, ನಾಲ್ಕು ಬಣ್ಣಕ್ಕೆ, 60×45 ಸೆಂ.ಮೀ. ಅಳತೆಯಲ್ಲಿ ಮಾಡಬೇಕಿದೆ. ಹಳದಿ ಪಟ್ಟೆ ಎಲೆಯ ಹಸಿರಿನ ಮೇಲೆ ಬರಬೇಕೋ, ಕೆಳಗೋ? ಹಿನ್ನೆಲೆಗೆ ನೀಲಿ–ಹಳದಿ ಬ್ಲೆಂಡ್ ರೋಲ್ (ಒಂದೇ ರೋಲರಿನಲ್ಲಿ ಬಣ್ಣಗಳನ್ನು ಪಕ್ಕಪಕ್ಕ ಹಾಕಿ ಒಂದರೊಳಗೊಂದು ಕರಗಿಸೋದು) ಹಾಕಿದರೆ ನಡುವೆ ಹಸಿರು ಬರದಂತೆ ತಡೆಯೋದು ಹೇಗೆ?

ಮಸಿಕಲ್ಲು:
ಹಳದಿ ಕೆಳಗೇ ಇರಲಿ, ಮೊದಲ ಬಣ್ಣ ಅದೇ ಆಗಲಿ. ಹಸಿರಿಗೆ ಟ್ರಾನ್ಸ್‌ಪರೆಂಟ್ ಬೇಸ್ (ಬಣ್ಣವಿಲ್ಲದ ಪಾರದರ್ಶಕ ಇಂಕು) ಧಾರಾಳವಾಗಿ ಬೆರೆಸಿ ಮೇಲೆ ಹಾಕಿ. ಆಗ ಪಟ್ಟೆ ಹಾದ ಕಡೆ ಎಲೆ ತಾನಾಗಿ ಎಳೆಹಸಿರಾಗುತ್ತೆ, ಉಳಿದ ಕಡೆ ನೆರಳಲ್ಲಿರುತ್ತೆ. ಹಸಿರಿನ ಮೇಲೆ ಗಟ್ಟಿ ಹಳದಿ ಹಾಕಿದರೆ ಬಿಸಿಲು ಕಾಣಲ್ಲ, ಬಣ್ಣ ಬಳಿದ ಪಟ್ಟಿ ಕಾಣುತ್ತೆ. ತಿಳಿ ಮಾಡೋಕೆ ಅಂತ ಬಿಳಿ ಇಂಕು ಬೆರೆಸಲೇಬೇಡಿ. ಬಿಳಿ ಸೇರಿದರೆ ಕೆಳಗಿನ ಹಳದಿ ಮುಚ್ಚಿಹೋಗುತ್ತೆ. ಅತಿ ಪ್ರಖರವಾದ ಜಾಗದಲ್ಲಿ ಏನೂ ಅಚ್ಚು ಮಾಡದೆ ಕಾಗದವನ್ನೇ ಬಿಡಿ.

ಬ್ಲೆಂಡ್ ವಿಷಯಕ್ಕೆ ಬಂದರೆ, ನೀಲಿ ಮತ್ತು ಹಳದಿಯ ನಡುವೆ ಎರಡು ಬೆರಳಗಲ ಬರೀ ಟ್ರಾನ್ಸ್‌ಪರೆಂಟ್ ಬೇಸ್ ಇಡಿ. ಮೂರರ ಜಿಗುಟೂ ಒಂದೇ ಹದಕ್ಕಿರಬೇಕು. ಇಂಕಿನ ಚಪ್ಪಡಿ ಮೇಲೆ ರೋಲರನ್ನು ಅಕ್ಕಪಕ್ಕಕ್ಕೆ ಒಂದು ಸೆಂ.ಮೀ.ನಷ್ಟು ಸರಿಸಬಹುದು, ಪ್ಲೇಟಿನ ಮೇಲೆ ಮಾತ್ರ ಒಂದೇ ಗೆರೆಯಲ್ಲಿ ಉರುಳಬೇಕು. ರೋಲರಿನ ಸುತ್ತಳತೆ ಚಿತ್ರದ ಉದ್ದಕ್ಕಿಂತ ಕಡಿಮೆಯಿದ್ದರೆ ಸುತ್ತು ಮುಗಿದ ಕಡೆ ಅಡ್ಡಗೆರೆ ಬೀಳುತ್ತೆ. 60 ಸೆಂ.ಮೀ.ಗೆ ಕನಿಷ್ಠ 20 ಸೆಂ.ಮೀ. ವ್ಯಾಸದ ರೋಲರ್ ಬೇಕು. ನಡುವಿನ ಪಟ್ಟೆ ಹಸಿರಿಗೆ ತಿರುಗಿದ ಕೂಡಲೇ ನಿಲ್ಲಿಸಿ, ಚಪ್ಪಡಿ, ರೋಲರ್ ಎರಡನ್ನೂ ಒರೆಸಿ ಹೊಸದಾಗಿ ಇಂಕು ಹಾಕಿ.

ಅಚ್ಚಿನಮನೆ:
ಮೇಲಿನದರ ಜೊತೆಗೆ ಕಾಗದದ ಮಾತೂ ಮುಖ್ಯ. ನಾಲ್ಕು ಬಣ್ಣ ಅಂದಮೇಲೆ ಕಾಗದ ನೆನೆಸಬೇಡಿ. ಹಸಿ ಕಾಗದ ಹಿಗ್ಗಿ, ಒಣಗಿದಾಗ ಕುಗ್ಗಿ, ಎಲೆಯಂಚಲ್ಲಿ ಬಿಳಿ ಗೆರೆ ಬಿಡುತ್ತೆ. ಒಣ ಕಾಗದವನ್ನೇ ಇಂಕಿಲ್ಲದೆ ಒಂದೆರಡು ಸಲ ಪ್ರೆಸ್‌ನಲ್ಲಿ ಹಾಯಿಸಿ, ಹಿಗ್ಗೋದು ಮೊದಲೇ ಹಿಗ್ಗಲಿ. ಬಣ್ಣಗಳು ಒಂದರ ಮೇಲೊಂದು ಸರಿಯಾಗಿ ಕೂರೋಕೆ ಕಾಗದದ ಹಿಂಬದಿ ಒಂದು ತುದಿಗೆ ‘ಟಿ’ ಗುರುತು, ಇನ್ನೊಂದಕ್ಕೆ ನೇರ ಗೆರೆ. ಪ್ರತಿ ಪ್ಲೇಟಿನಲ್ಲೂ ಅದೇ ಜಾಗದಲ್ಲಿ ಅವೇ ಗುರುತು. ಗಾಢ ಬಣ್ಣ ತಿಳಿ ಬಣ್ಣದ ಮೇಲೆ ಅರ್ಧ ಮಿ.ಮೀ. ಚಾಚಿರಲಿ.

ಒಂದು ತಿದ್ದುಪಡಿ: ಆ ಸರಣಿ ಬರೀ ಲಿಥೋ ಅಲ್ಲ, ಸ್ಕ್ರೀನ್‌ಪ್ರಿಂಟ್ ಕೂಡ ಸೇರಿದೆ. ಸಮತಟ್ಟಾದ ಬಣ್ಣ ಬೇಕಾದ ಕಡೆ ನೀವೂ ಸ್ಕ್ರೀನ್ ಬಳಸಿ, ಪ್ಲೇಟಿನಲ್ಲಿ ಒದ್ದಾಡಬೇಡಿ.

ಕುಂಡದಗಿಡ:
ಇಬ್ಬರಿಗೂ ಧನ್ಯವಾದ. ಅದೇ ಸರಣಿಯ ‘ರೇನ್’ನಲ್ಲಿ ಇಂಕೇ ಮಳೆನೀರಿನ ಹಾಗೆ ಕೆಳಕ್ಕೆ ಸೋರುತ್ತಲ್ಲ, ಅದನ್ನು ಪ್ಲೇಟಿನಲ್ಲಿ ತರಬಹುದಾ?

ಮಸಿಕಲ್ಲು:
ಖಂಡಿತ. ಆ ಸರಣಿಯಲ್ಲಿ ನನಗೆ ತುಂಬ ಇಷ್ಟವಾದ ಉಪಾಯ ಅದು: ಮಳೆಯನ್ನು ಬಿಡಿಸೋದರ ಜೊತೆಗೆ ಮಾಧ್ಯಮವನ್ನೇ ಸುರಿಯಲು ಬಿಟ್ಟಿದ್ದಾರೆ. ಟೂಶ್ ಮಸಿಗೆ (ಪ್ಲೇಟಿನ ಮೇಲೆ ಚಿತ್ರ ಬರೆಯುವ ಜಿಡ್ಡಿನ ಮಸಿ) ಡಿಸ್ಟಿಲ್ಡ್ ವಾಟರ್ ಬೆರೆಸಿ ತೆಳು ಮಾಡಿ, ಪ್ಲೇಟ್ ನೆಟ್ಟಗೆ ನಿಲ್ಲಿಸಿ ಮೇಲಂಚಿಂದ ಬಿಡಿ. ಸೋರಿದ್ದು ಪೂರ್ತಿ ಒಣಗುವ ತನಕ ಗೋಂದು ಮುಟ್ಟಿಸಬೇಡಿ. ತೆಳು ಕಲೆಗಳ ಮೇಲೆ ಆಸಿಡ್ ಹಾಕದ ಬರೀ ಗೋಂದು (ಗಮ್ ಅರೇಬಿಕ್) ಸಾಕು; ಎಚ್ (ಪ್ಲೇಟಿಗೆ ಹಚ್ಚುವ ಗೋಂದು–ಆಸಿಡ್ ಮಿಶ್ರಣ) ಕಟುವಾದರೆ ಮೊದಲು ಸುಟ್ಟುಹೋಗೋದು ಆ ತಿಳಿ ಧಾರೆಗಳೇ.