ಫಿಲೇಚರ್‌ನಲ್ಲಿ ಮಿಸ್ಟ್ ಫಿಲ್ಟರ್: ಒಂದು ಕಡೆ ವಿಪರೀತ, ಇನ್ನೊಂದು ಕಡೆ ಏನೂ ಇಲ್ಲ. ಯಾಕೆ?

ಗೂಡಿನೂರು

ಎಲ್ಲರಿಗೂ ನಮಸ್ಕಾರ. ನಾನು ಶಿಡ್ಲಘಟ್ಟದವಳು. ಅಮ್ಮ ಫಿಲೇಚರ್‌ನಲ್ಲಿ ರೇಷ್ಮೆ ನೂಲು ತೆಗೆಯುವ ಕೆಲಸ ಮಾಡುತ್ತಾರೆ. ಅಮ್ಮ ಮತ್ತು ಜೊತೆಯ ಹೆಂಗಸರ ಕೆಲಸದ ಮೇಲೆ ಒಂದು ಫೋಟೋ ಸರಣಿ ಮಾಡುತ್ತಿದ್ದೇನೆ. ಬಿಸಿನೀರಿನ ತೊಟ್ಟಿಯಿಂದ ಆವಿ ಏಳುತ್ತಿರುತ್ತದೆ. ಕಿಟಕಿಯಿಂದ ಬೆಳಗಿನ ಬಿಸಿಲು ಬೀಳುತ್ತದೆ. ಗೂಡಿನಿಂದ ಮೇಲೆ ಹೋಗುವ ಎಳೆ ಆ ಬಿಸಿಲಲ್ಲಿ ಮಿಂಚುತ್ತದೆ ನೋಡಿ, ನನಗೆ ಬೇಕಾಗಿರುವುದು ಆ ಮಿಂಚು. ಸುಮ್ನೆ ತೆಗೆದರೆ ಎಳೆ ಬರೀ ಒಂದು ಬಿಳಿ ಗೆರೆಯಾಗಿ ಉಳಿಯುತ್ತದೆ.

ಅದಕ್ಕೇ ಬೆಳಕನ್ನು ಹರಡುವ ಮಿಸ್ಟ್ ಫಿಲ್ಟರ್, ಟಿಫೆನ್ ಬ್ಲ್ಯಾಕ್ ಪ್ರೋ-ಮಿಸ್ಟ್ 1/4 ತಗೊಂಡೆ. ಕ್ಯಾಮೆರಾ ಕ್ಯಾನನ್ ಆರ್10. ಲೆನ್ಸ್ ಎರಡು: ಆರ್‌ಎಫ್ 35 ಎಫ್ 1.8 ಮತ್ತು ಆರ್‌ಎಫ್ 85 ಎಫ್ 2. ಫಿಲೇಚರ್‌ನಲ್ಲಿ 85 ಹಾಕಿ, ಕಿಟಕಿಯನ್ನು ಫ್ರೇಮಿನೊಳಗೆ ಇಟ್ಟು ತೆಗೆದರೆ ಇಡೀ ಚಿತ್ರ ಬಿಳಚಿಕೊಳ್ಳುತ್ತದೆ, ಅಮ್ಮನ ಮುಖವೇ ಕಾಣುವುದಿಲ್ಲ. ಅದೇ ಫಿಲ್ಟರ್ ಹಾಕಿ ಗೂಡಿನ ಮಾರುಕಟ್ಟೆಯಲ್ಲಿ 35ರಲ್ಲಿ ತೆಗೆದರೆ ಫಿಲ್ಟರ್ ಇದೆ ಅಂತಲೇ ಗೊತ್ತಾಗುವುದಿಲ್ಲ. ಟ್ಯೂಬ್‌ಲೈಟು, ರಾಶಿ ರಾಶಿ ಬಿಳಿ ಗೂಡು, ಚಿತ್ರ ಸ್ವಲ್ಪ ಸಪ್ಪೆ, ಅಷ್ಟೇ. ಇದು ಯಾಕೆ ಹೀಗೆ?

ಇನ್ನೊಂದು. ಬೆಂಗಳೂರಿನ ಸೆಕೆಂಡ್‌ಹ್ಯಾಂಡ್ ಅಂಗಡಿಯಲ್ಲಿ ಕ್ಯಾನನ್ ಇಎಫ್ 135 ಸಾಫ್ಟ್‌ಫೋಕಸ್ ಲೆನ್ಸ್ ನೋಡಿದ್ದೇನೆ. ಅದನ್ನು ತಗೊಂಡರೆ ಒಳ್ಳೆಯದಾ? ಇದೆಲ್ಲ ಯಾಕೆ, ಆಮೇಲೆ ಲೈಟ್‌ರೂಮ್ ಸಾಫ್ಟ್‌ವೇರಿನಲ್ಲೇ ಮಾಡ್ಕೊ ಅನ್ನುವವರೂ ಇದ್ದಾರೆ.

ಕೊನೆಯದು ನನಗೆ ಎಲ್ಲಕ್ಕಿಂತ ಮುಖ್ಯ. ದಿನವಿಡೀ ಬಿಸಿನೀರಲ್ಲಿದ್ದು ಅಮ್ಮನ ಬೆರಳು ಬೆಳ್ಳಗೆ ಸುಕ್ಕುಗಟ್ಟಿರುತ್ತವೆ. ಆ ಬೆರಳುಗಳನ್ನು ನಾನು ನುಣುಪು ಮಾಡಿ ತೋರಿಸಬಾರದು. ಸಾಫ್ಟ್ ಮಾಡಿದರೆ ಅವರ ಕಷ್ಟ ಮರೆಯಾಗುತ್ತದಾ?

ಕೋಲಾರದ ಹಳೇ ಸ್ಟುಡಿಯೋ

ನಿನ್ನ ಕೊನೆಯ ಪ್ರಶ್ನೆಯನ್ನೇ ಮೊದಲು ತಗೋತೀನಮ್ಮ. ಸಾಫ್ಟ್ ಬೇರೆ, ಔಟ್ ಆಫ್ ಫೋಕಸ್ ಬೇರೆ. ಒಳ್ಳೆಯ ಸಾಫ್ಟ್ ಚಿತ್ರದಲ್ಲಿ ಗೆರೆ ಇದ್ದ ಹಾಗೇ ಇರುತ್ತದೆ. ಅದರ ಮೇಲೆ ಬೆಳಕು ಸ್ವಲ್ಪ ಹರಡಿರುತ್ತದೆ. ಬೆರಳಿನ ಸುಕ್ಕು ಅಳಿಸಿಹೋಗಿದೆ ಅಂದರೆ ಫಿಲ್ಟರ್ ಜಾಸ್ತಿಯಾಗಿದೆ ಅಂತ ಅರ್ಥ. ಪಕ್ಕದಿಂದ ಬರುವ ಬೆಳಕಲ್ಲಿ ಕೈ ಇಡಿಸು. ಸುಕ್ಕಿನ ನೆರಳು ಗಟ್ಟಿಯಾಗಿ ಬೀಳುತ್ತದೆ, 1/4ಕ್ಕಿಂತ ಹಗುರವಾದ 1/8 ಫಿಲ್ಟರ್ ಅದನ್ನು ಅಳಿಸಲಾರದು.

ರೀಲಿನ ಕಾಲದಲ್ಲಿ ನಾವು ಕಪ್ಪು ಸ್ಟಾಕಿಂಗ್ ಬಟ್ಟೆಯನ್ನು ಲೆನ್ಸ್ ಮುಂದೆ ಬಿಗಿಯಾಗಿ ಎಳೆದು ರಬ್ಬರ್ ಬ್ಯಾಂಡ್ ಹಾಕುತ್ತಿದ್ದೆವು. ಕಪ್ಪು ಬಟ್ಟೆಯಾದರೆ ನೆರಳು ಕಪ್ಪಾಗಿಯೇ ನಿಲ್ಲುತ್ತದೆ. ಬಿಳಿ ಬಟ್ಟೆ ಬೆಳಕನ್ನು ಹಿಡಿದು ಎಲ್ಲವನ್ನೂ ಬೂದು ಮಾಡುತ್ತದೆ. ಇನ್ನೊಂದು ವಿಧಾನ ವ್ಯಾಸಲೀನ್. ಲೆನ್ಸಿಗಲ್ಲ, ಹಳೆಯ ಯುವಿ ಫಿಲ್ಟರಿಗೆ ಹಚ್ಚಬೇಕು, ನಡುವೆ ಜಾಗ ಬಿಡಬೇಕು. ಬೆರಳು ಯಾವ ಕಡೆಗೆ ಎಳೆದಿದ್ದೀಯೋ ಅದಕ್ಕೆ ಅಡ್ಡಲಾಗಿ ಬೆಳಕು ಚಾಚುತ್ತದೆ. ನಿನ್ನ ರೇಷ್ಮೆ ಎಳೆ ಕೆಳಗಿನಿಂದ ಮೇಲಕ್ಕೆ ಹೋಗುತ್ತದೆ ತಾನೆ? ವ್ಯಾಸಲೀನನ್ನೂ ಮೇಲೆ ಕೆಳಗೆ ಎಳೆ. ಎಳೆಯ ಎರಡೂ ಬದಿಗೆ ಬೆಳಕು ಹರಡುತ್ತದೆ. ನಿನ್ನ ಮಿಸ್ಟ್ ಫಿಲ್ಟರ್ ಇದನ್ನು ಹೀಗೆ ನಿನಗೆ ಬೇಕಾದ ದಿಕ್ಕಿಗೆ ಮಾಡಿಕೊಡುವುದಿಲ್ಲ.

ನೆನಪಾಯಿತು ಅಂತ ಇದನ್ನೂ ಹೇಳುತ್ತೇನೆ. ಕೆಲವರು ಕ್ಯಾಮೆರಾ ಬಿಟ್ಟು, ಪ್ರಿಂಟ್ ಹಾಕುವಾಗ ಎನ್‌ಲಾರ್ಜರ್ (ನೆಗೆಟಿವನ್ನು ಕಾಗದದ ಮೇಲೆ ದೊಡ್ಡದಾಗಿ ಮೂಡಿಸುವ ಯಂತ್ರ) ಕೆಳಗೆ ಬಟ್ಟೆ ಹಿಡಿಯುತ್ತಿದ್ದರು. ಆಗ ನೆಗೆಟಿವ್‌ನಿಂದ ಬರುವ ಬೆಳಕು ಹರಡುತ್ತದೆ, ಹಾಗಾಗಿ ಪ್ರಿಂಟಿನಲ್ಲಿ ಕಪ್ಪು ಬಿಳಿಯೊಳಗೆ ಹರಿಯುತ್ತದೆ. ಮುಖ ಮಸಿ ಹಿಡಿದಂತಾಗುತ್ತದೆ. ನನಗೆ ಅದು ಯಾವತ್ತೂ ಇಷ್ಟವಾಗಲಿಲ್ಲ. ಬೆಳಕು ಹರಡಬೇಕು, ಕತ್ತಲಲ್ಲ.

ನಂದಿ ತಪ್ಪಲು

ಗೂಡಿನೂರು ಅವರೇ, ನಿಮ್ಮ ಫಿಲ್ಟರಲ್ಲಿ ಏನೂ ತೊಂದರೆ ಇಲ್ಲ. ಎರಡು ಜಾಗದಲ್ಲಿ ಮೂರು ವಿಷಯ ಒಟ್ಟಿಗೆ ಬದಲಾಗಿವೆ.

ಮೊದಲನೆಯದು ಲೆನ್ಸ್. ಮಿಸ್ಟ್ ಫಿಲ್ಟರಿನಲ್ಲಿರುವ ಸಣ್ಣ ಕಣಗಳು ಬೆಳಕನ್ನು ಒಂದಷ್ಟು ಕೋನಕ್ಕೆ ಚದುರಿಸುತ್ತವೆ. ಕೋನ ಅದೇ ಇದ್ದರೂ ಲೆನ್ಸಿನ ಫೋಕಲ್ ಲೆಂತ್ (35, 85 ಅನ್ನುವ ಎಂಎಂ ಸಂಖ್ಯೆ) ಹೆಚ್ಚಾದಷ್ಟೂ ಆ ಬೆಳಕು ಸೆನ್ಸಾರ್ ಮೇಲೆ ದೂರ ಹರಡುತ್ತದೆ. 35ರಲ್ಲಿ ಕಾಣುವ ಪ್ರಭೆ 85ರಲ್ಲಿ ಸುಮಾರು 2.4 ಪಟ್ಟು ದೊಡ್ಡದು. ಹಾಗಾಗಿ 85ಕ್ಕೆ 1/8, 35ಕ್ಕೆ 1/4 ಹಾಕಿದರೆ ಎರಡೂ ಚಿತ್ರ ಒಂದೇ ಸರಣಿಯದ್ದು ಅನಿಸುತ್ತವೆ.

ಎರಡನೆಯದು ಬೆಳಕು. ಪ್ರಭೆ ಕಾಣಬೇಕಾದರೆ ಸಣ್ಣ ಜಾಗದಲ್ಲಿ ಜೋರು ಬೆಳಕು, ಅದರ ಪಕ್ಕದಲ್ಲೇ ಕತ್ತಲು ಇರಬೇಕು. ಮಾರುಕಟ್ಟೆಯ ಟ್ಯೂಬ್‌ಲೈಟು ಎಲ್ಲ ಕಡೆ ಒಂದೇ ಸಮ. ಬೈವೋಲ್ಟೈನ್ ತಳಿಯ ಗೂಡಿನ ರಾಶಿಯೂ ಬಿಳಿ. ಬಿಳಿಯಿಂದ ಚದುರಿದ ಬೆಳಕು ಪಕ್ಕದ ಬಿಳಿಯ ಮೇಲೇ ಬೀಳುತ್ತದೆ. ಅದು ಕಾಣುವುದಾದರೂ ಹೇಗೆ? ನಿಮಗೆ ಸಪ್ಪೆ ಅನಿಸಿದ್ದು ಅದೇ. ಅಲ್ಲಿ ಫಿಲ್ಟರ್ ತೆಗೆದುಬಿಡಿ. ಕಿಟಕಿಯ ಕಥೆ ಇದಕ್ಕೆ ಉಲ್ಟಾ. ಅದು ದೊಡ್ಡದು, ವಿಪರೀತ ಪ್ರಕಾಶ, ಮೇಲಾಗಿ ಫ್ರೇಮಿನೊಳಗೇ ಇದೆ. ಫ್ರೇಮಿನಿಂದ ಹೊರಗೆ ಇಡಿ. ಹೊರಗಿಟ್ಟ ಮೇಲೂ ಅದರ ಬಿಸಿಲು ನೇರ ಫಿಲ್ಟರ್ ಗಾಜಿನ ಮೇಲೆ ಬೀಳದಂತೆ ಹುಡ್ ಹಾಕಿ, ಇಲ್ಲವೇ ಕೈ ಅಡ್ಡ ಹಿಡಿಯಿರಿ.

ಮೂರನೆಯದು ಆವಿ. ಇದನ್ನು ಯಾರೂ ಲೆಕ್ಕಕ್ಕೆ ತಗೊಳ್ಳುವುದಿಲ್ಲ. ನಾನು 1478 ಮೀಟರ್ ಎತ್ತರದ ನಂದಿಬೆಟ್ಟದ ಮೇಲೆ ಮಂಜಿನಲ್ಲಿ ಬಹಳ ಫೋಟೋ ತೆಗೆಯುತ್ತೇನೆ. ಮಂಜಿಗೂ ಫಿಲ್ಟರಿಗೂ ಒಂದು ದೊಡ್ಡ ವ್ಯತ್ಯಾಸ ಇದೆ. ಮಂಜು ದೂರ ಹೋದಷ್ಟೂ ದಟ್ಟ. ಹತ್ತಿರದ ಮರ ಕಪ್ಪಗೆ, ಆಚೆಯದು ಬೂದು, ಅದರಾಚೆಯದು ಇಲ್ಲವೇ ಇಲ್ಲ. ಫಿಲ್ಟರಿಗೆ ದೂರ ಹತ್ತಿರ ಗೊತ್ತಿಲ್ಲ, ಎಲ್ಲದರ ಮೇಲೂ ಒಂದೇ ಥರ ಕೆಲಸ ಮಾಡುತ್ತದೆ. ನಿಮ್ಮ ತೊಟ್ಟಿಯ ಆವಿ ಮಂಜಿನ ಜಾತಿಗೆ ಸೇರಿದ್ದು. ಕೋಣೆಗೆ ಆಳ ಕೊಡುತ್ತಿರುವುದೇ ಅದು. ಅದರ ಮೇಲೆ 1/4 ಹಾಕಿದರೆ ಆ ಆಳ ಹೊರಟುಹೋಗುತ್ತದೆ. ದಯವಿಟ್ಟು ಆವಿಯನ್ನು ಕೆಲಸ ಮಾಡಲು ಬಿಡಿ.

ಚಳಿಗಾಲದ ಬೆಳಗ್ಗೆ ಹೊರಗಿನಿಂದ ನೇರ ಒಳಗೆ ಹೋದರೆ ತಣ್ಣಗಿರುವ ಗಾಜಿನ ಮೇಲೆ ನೀರು ಕಟ್ಟುತ್ತದೆ. ಅದೂ ಚಿತ್ರವನ್ನು ಬಿಳಚಿಸುತ್ತದೆ. ಕ್ಯಾಮೆರಾ ಬ್ಯಾಗಿನಲ್ಲೇ ಇರಲಿ, ಬಿಸಿಯಾದ ಮೇಲೆ ತೆಗೆಯಿರಿ.

ಇನ್ನು 135 ಸಾಫ್ಟ್‌ಫೋಕಸ್. 1987ರ ಲೆನ್ಸ್, ಎಫ್ 2.8. ಅದು ಕೆಲಸ ಮಾಡುವ ರೀತಿಯೇ ಬೇರೆ. ಲೆನ್ಸಿನ ಅಂಚಿನಿಂದ ಬರುವ ಕಿರಣ ಒಂದು ಕಡೆ, ನಡುವಿನಿಂದ ಬರುವುದು ಇನ್ನೊಂದು ಕಡೆ ಸೇರುವಂತೆ ಬೇಕೆಂದೇ ಮಾಡುತ್ತದೆ. ಅದಕ್ಕೇ ಗಟ್ಟಿ ಚಿತ್ರದ ಸುತ್ತ ಒಂದು ಹೊಗೆಯಂಥ ಅಂಚು ಬರುತ್ತದೆ. ರಿಂಗಿನಲ್ಲಿ 0, 1, 2 ಅಂತ ಇದೆ, 0 ಅಂದರೆ ಸಾಮಾನ್ಯ ಲೆನ್ಸ್. ಅಪರ್ಚರ್ (ಲೆನ್ಸಿನೊಳಗೆ ಬೆಳಕು ಬರುವ ಕಿಂಡಿ) ಕಿರಿದು ಮಾಡಿದರೆ ಅಂಚಿನ ಕಿರಣ ನಿಂತುಹೋಗುತ್ತದೆ, ಎಫ್ 5.6ಕ್ಕೆ ಬರುವಷ್ಟರಲ್ಲಿ ಸಾಫ್ಟ್ ಹೆಚ್ಚುಕಡಿಮೆ ಇರುವುದೇ ಇಲ್ಲ. ಅಂದರೆ ಅಪರ್ಚರ್‌ನಿಂದಲೇ ಎಷ್ಟು ಬೇಕೋ ಅಷ್ಟು ಹದ ಮಾಡಬಹುದು. ನನಗೆ ಬಹಳ ಇಷ್ಟದ ಲೆನ್ಸ್. ಆದರೆ ನಿಮ್ಮ ಆರ್10ರ ಸೆನ್ಸಾರ್ ಚಿಕ್ಕದು, ಅದರ ಮೇಲೆ ಈ ಲೆನ್ಸ್ 216 ಎಂಎಂನಷ್ಟು ಉದ್ದ ಕಾಣುತ್ತದೆ, ಅಡಾಪ್ಟರ್ ಬೇರೆ ಬೇಕು. ಸಾಲಾಗಿ ತೊಟ್ಟಿ ಇಟ್ಟ ಕೋಣೆಯಲ್ಲಿ ಹಿಂದೆ ಸರಿಯಲು ಜಾಗ ಎಲ್ಲಿದೆ? ಈ ಸರಣಿಗೆ ಬೇಡ.

ತುಮಕೂರು ಮದುವೆಮನೆ

ಲೈಟ್‌ರೂಮ್ ಬಗ್ಗೆ ಮಾತ್ರ ನನ್ನ ಎರಡು ಮಾತು. ಮದುವೆ ಚೌಲ್ಟ್ರಿಯ ಸೀರಿಯಲ್ ಸೆಟ್ಟು ನನ್ನ ದಿನನಿತ್ಯದ ಕೆಲಸ. ಫೈಲಿನಲ್ಲಿ ಬಲ್ಬು ಒಮ್ಮೆ ಪೂರ್ತಿ ಬಿಳಿಯಾದ ಮೇಲೆ, ಅದು ನಿಜವಾಗಿ ಎಷ್ಟು ಪ್ರಕಾಶ ಇತ್ತು ಅನ್ನುವ ಮಾಹಿತಿ ಹೋಯಿತು. ಬಿಳಿ ಸೀರೆಯೂ ಬಲ್ಬೂ ಸಾಫ್ಟ್‌ವೇರಿಗೆ ಒಂದೇ, ಎರಡನ್ನೂ ಒಂದೇ ಥರ ಹರಡುತ್ತದೆ. ಫಿಲ್ಟರ್ ಹಾಗಲ್ಲ. ಬೆಳಕು ಸೆನ್ಸಾರ್ ತಲುಪುವ ಮೊದಲೇ ಹರಡುತ್ತದೆ, ಜೋರಾಗಿದ್ದದ್ದು ಜಾಸ್ತಿ ಹರಡುತ್ತದೆ. ನಿಮ್ಮ ಎಳೆಯ ಮಿಂಚಿಗೆ ಫಿಲ್ಟರೇ ಬೇಕು. ಲೈಟ್‌ರೂಮ್‌ನ ಕ್ಲಾರಿಟಿ ಸ್ಲೈಡರ್ ಮೈನಸ್ ಮಾಡಬೇಡಿ, ಅದು ಮೊದಲು ಹೊಡೆಯುವುದೇ ಚರ್ಮದ ಗೆರೆಗಳನ್ನು. ಬೇಕಾದರೆ ಉಲ್ಟಾ ಮಾಡಿ: ಕೈಗೆ ಮಾತ್ರ ಮಾಸ್ಕ್ ಹಾಕಿ ಸ್ವಲ್ಪ ಕ್ಲಾರಿಟಿ ಪ್ಲಸ್ ಕೊಡಿ, ಬ್ಲ್ಯಾಕ್ಸ್ ಸ್ವಲ್ಪ ಇಳಿಸಿ. ಎಕ್ಸ್‌ಪೋಶರ್ ಕಿಟಕಿ ಬೆಳಕಿಗೆ ಸರಿಯಾಗಿ ಇಡಿ, ನೆರಳು ಆಮೇಲೆ ಎತ್ತಬಹುದು.

ಗೂಡಿನೂರು

ಮೂವರಿಗೂ ತುಂಬಾ ಥ್ಯಾಂಕ್ಸ್. ಇವತ್ತು ಬೆಳಗ್ಗೆ ಫಿಲ್ಟರ್ ತೆಗೆದು 85ರಲ್ಲಿ, ಕಿಟಕಿ ಹೊರಗಿಟ್ಟು, ಬರೀ ಆವಿಯಲ್ಲೇ ತೆಗೆದೆ. ನಂದಿ ತಪ್ಪಲು ಸರ್ ಹೇಳಿದ್ದು ಸರಿ. ಹಿಂದಿನ ಸಾಲಿನಲ್ಲಿ ಕೂತವರು ನಿಧಾನಕ್ಕೆ ಬೆಳಕಲ್ಲಿ ಕರಗುತ್ತಾರೆ, ಮುಂದೆ ಅಮ್ಮ ಗಟ್ಟಿಯಾಗಿ ಇದ್ದಾರೆ. ಅಣ್ಣ ಹೇಳಿದ ವ್ಯಾಸಲೀನ್ ವಿಧಾನವನ್ನು 35ರಲ್ಲಿ ಮಾಡಿದೆ. ಎಳೆ ಚೆನ್ನಾಗಿ ಬಂತು. ಆದರೆ ಫೋಕಸ್ ಕೈಕೊಡುತ್ತಿದೆ. ಒಮ್ಮೆ ಬೆರಳಿಗೆ, ಒಮ್ಮೆ ಹಿಂದಿನ ಗೋಡೆಗೆ ಹೋಗುತ್ತದೆ.

ಕೋಲಾರದ ಹಳೇ ಸ್ಟುಡಿಯೋ

ವ್ಯಾಸಲೀನ್ ಇದ್ದಾಗ ಆಟೋಫೋಕಸ್ ನಂಬಬೇಡಮ್ಮ. ಮ್ಯಾನ್ಯುಯಲ್‌ಗೆ ಹಾಕು. ಬೆರಳು ಎಳೆ ಹಿಡಿಯುವ ಜಾಗವನ್ನು ಸ್ಕ್ರೀನಲ್ಲಿ ದೊಡ್ಡದು ಮಾಡಿ ನೋಡಿ ಫೋಕಸ್ ಮಾಡು. ಕೈ ಪ್ರತಿ ಸಲ ಅದೇ ಜಾಗಕ್ಕೆ ಬರುತ್ತದೆ, ಕಾಯ್ದು ಒತ್ತು. ಎಫ್ 2.8ರಿಂದ ಶುರು ಮಾಡು. ತೀರಾ ಕಿರಿದು ಮಾಡಿದರೆ ಲೆನ್ಸ್ ನಡುವಿನಿಂದಷ್ಟೇ ಬೆಳಕು ತಗೊಳ್ಳುತ್ತದೆ, ಅಲ್ಲಿ ನೀನು ವ್ಯಾಸಲೀನ್ ಬಿಟ್ಟಿದ್ದೀಯ, ಹರಡುವುದು ನಿಂತುಹೋಗುತ್ತದೆ. 1/8 ಕೊಳ್ಳುವಾಗ 67 ಎಂಎಂ ತಗೊ, ಅದು 85ಕ್ಕೆ ನೇರ ಕೂರುತ್ತದೆ. 35ರದ್ದು 52, ಅದಕ್ಕೆ 52ರಿಂದ 67ರ ಸ್ಟೆಪ್-ಅಪ್ ರಿಂಗ್ ಸಾಕು.